ಕಿಟಕಿ ಮಸೂದೆ

ನೀಲಗಂಗಮ್ಮನಿಗೆ ಕೂತು ಓದಲು ಜಾಗ ಇರಲಿಲ್ಲ.

ತಲೆ ಇತ್ತು, ಹಟ ಇತ್ತು, ಬಿ.ಎ. ಕೊನೆಯ ವರ್ಷದ ಪರೀಕ್ಷೆ ಮೂಗಿನ ಮುಂದೆಯೇ ಇತ್ತು. ಜಾಗವೊಂದು ಇರಲಿಲ್ಲ. ಕೊಟ್ಟೂರಿನ ಹೊರಗೆ, ಹಳೆಯ ಶೇಂಗಾ ಗೋದಾಮಿನಲ್ಲಿ ನಡೆಯುತ್ತಿದ್ದ ಆ ಕಾಲೇಜಿನಲ್ಲಿ ಪಾಠ ಮಧ್ಯಾಹ್ನ ಎರಡಕ್ಕೇ ಮುಗಿಯುತ್ತಿತ್ತು. ಉಜ್ಜಿನಿಗೆ ಹೋಗುವ ಅವಳ ಬಸ್ಸು ಬರುತ್ತಿದ್ದದ್ದು ಹೊತ್ತು ಇಳಿದ ಮೇಲೆ. ನಡುವಿನ ಹೊತ್ತನ್ನೆಲ್ಲ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಳೆಯಬೇಕು. ಒಂದು ಕಡೆ ಮಿರ್ಚಿ ಕರಿಯುವ ಬಂಡಿ, ಇನ್ನೊಂದು ಕಡೆ ಹರಪನಹಳ್ಳಿ ಬಸ್ಸಿಗೆ ಕಾಯುವ ಮಂದಿಯ ಸಂಸಾರದ ಸುದ್ದಿ. ಒಂದು ಪುಟ ಓದಿ ಮುಗಿಸುವುದರೊಳಗೆ ಯಾವುದಾದರೂ ಒಂದು ಅಜ್ಜಿ ಪಕ್ಕಕ್ಕೆ ಸರಿದು, "ಯಾರ ಮಗಳವ್ವಾ ನೀನು? ಲಗ್ನ ಆಗೇತೇನು?" ಎಂದು ಶುರು ಮಾಡುತ್ತಿತ್ತು. ಅಲ್ಲಿಗೆ ಓದು ಮುಗಿದಂತೆ.

ಕಾಲೇಜಿಗೆ ಗ್ರಂಥಾಲಯ ಇರಲಿಲ್ಲವೆಂದಲ್ಲ. ಇತ್ತು, ಚೆನ್ನಾಗಿಯೇ ಇತ್ತು. ಹಿಂದೆ ಶೇಂಗಾ ಚೀಲ ಒಟ್ಟುತ್ತಿದ್ದ ಕೋಣೆಯಲ್ಲಿ ಕಪಾಟುಗಳು, ಉದ್ದನೆಯ ಒಂದು ಮೇಜು, ಎರಡೂ ಕಡೆ ಬೆಂಚು. ಆದರೆ ಬೆಂಚು ಹುಡುಗರಿಗೆ. ಹುಡುಗಿಯರಿಗೆ ಕಿಟಕಿ. ಗೋದಾಮಿನ ಹೊರಗೋಡೆ ಸುತ್ತಿ, ಜಾಲಿ ಮುಳ್ಳು ತಪ್ಪಿಸಿಕೊಂಡು ಹೋಗಿ, ಕಿಟಕಿಯ ಹೊರಗೆ ನಿಂತು ಪುಸ್ತಕದ ಹೆಸರು ಕೂಗಬೇಕು. ಲೈಬ್ರರಿಯನ್ ಬೆನಕಪ್ಪ ಅದನ್ನು ಹುಡುಕಿ ತಂದು ಕಂಬಿಗಳ ಸಂದಿಯಲ್ಲಿ ತೂರಿಸುತ್ತಿದ್ದ. ಈ ನಿಯಮ ಮಾಡಿದವರು ಯಾರೆಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ತೆಳ್ಳಗಿನ ಪುಸ್ತಕ ಸಂದಿಯಲ್ಲಿ ತೂರುತ್ತಿತ್ತು, ದಪ್ಪ ಪುಸ್ತಕ ತೂರುತ್ತಿರಲಿಲ್ಲ. ಹೀಗಾಗಿ ಆ ಕಾಲೇಜಿನ ಹುಡುಗಿಯರು ತೆಳ್ಳಗಿನ ಪುಸ್ತಕ ಓದಿ ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗುತ್ತಿದ್ದರು.

ನೀಲಾಗೆ ಸೆಕೆಂಡ್ ಕ್ಲಾಸ್ ಸಾಲುತ್ತಿರಲಿಲ್ಲ. ಉಜ್ಜಿನಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಅವಳಪ್ಪ ಮಾತನ್ನು ನೇರವಾಗಿ ಹೇಳಿಬಿಟ್ಟಿದ್ದ: "ಫಸ್ಟ್ ಕ್ಲಾಸ್ ಬಂದ್ರ ಗುಲ್ಬರ್ಗಕ್ಕ ಎಂ.ಎ.ಗೆ ಕಳಸ್ತೀನಿ. ಇಲ್ಲಂದ್ರ ಹಡಗಲಿ ಗಂಡು ಐತಿ, ಸುಮ್ನ ಹೂಂ ಅನ್ಬೇಕು." ಕೆಟ್ಟ ಮನುಷ್ಯನಲ್ಲ. ಗಿರಣಿಯವನು, ಹಾಕಿದಷ್ಟು ಜೋಳಕ್ಕೆ ಅಷ್ಟು ಹಿಟ್ಟು ಎಂದು ನಂಬಿದವನು. ಹಡಗಲಿಯ ಗಂಡೂ ಕೆಟ್ಟವನಲ್ಲವಂತೆ, ಮಲ್ಲಿಗೆ ತೋಟ ಇತ್ತಂತೆ. ಆದರೆ ನೀಲಾಗೆ ಬೇಕಾಗಿದ್ದದ್ದು ಎಂ.ಎ. ಅದಕ್ಕೆ ಬೇಕಾಗಿದ್ದದ್ದು ಅರ್ಥಶಾಸ್ತ್ರದ ಒಂದು ದಪ್ಪ ಪುಸ್ತಕ. ಕಿಟಕಿಯ ಆಚೆ ಮೂರನೆಯ ಕಪಾಟಿನಲ್ಲಿ ಅದರ ಕೆಂಪು ಬೆನ್ನು ದಿನಾ ಕಾಣುತ್ತಿತ್ತು. ಮನೆಗೆ ಕೊಡುವ ಪುಸ್ತಕವಲ್ಲ ಅದು, ಅಲ್ಲೇ ಕೂತು ಓದುವಂಥದ್ದು.

೧೯೯೮ರ ದೀಪಾವಳಿ ಕಳೆದ ಮೇಲೆ ರಾಜ್ಯಶಾಸ್ತ್ರದ ಏಕಾಂತಪ್ಪ ಸರ್ ತರಗತಿಗೆ ಬಂದು, ಕಾಲೇಜಿನಲ್ಲಿ ಅಣಕು ವಿಧಾನಸಭೆ ಮಾಡೋಣ ಅಂದರು. ಶಾಸಕಾಂಗದ ಪಾಠವನ್ನು ಹನ್ನೆರಡು ವರ್ಷ ಬಾಯಿಂದ ಹೇಳಿ ಅವರಿಗೆ ಸಾಕಾಗಿತ್ತು.

ಪಾತ್ರ ಹಂಚಿದರು. ಶೇಂಗಾ ದಲಾಲಿ ಅಂಗಡಿಯವರ ಮಗ ಪ್ರವೀಣಕುಮಾರ್ ಮುಖ್ಯಮಂತ್ರಿ. ಮೈಕು ಅವನ ಮನೆಯಿಂದ ಬರಬೇಕಿತ್ತಾದ್ದರಿಂದ ಬೇರೆ ಯಾರ ಹೆಸರೂ ಬರಲಿಲ್ಲ. ದಾದಾಪೀರ್ ಸಭಾಧ್ಯಕ್ಷ, ಅವನ ಗಂಟಲಿಗೆ ಮೈಕು ಬೇಕಿರಲಿಲ್ಲ. ಪ್ರಿನ್ಸಿಪಾಲರು ರಾಜ್ಯಪಾಲರು. ಉಳಿದ ಹುಡುಗರು ಆಡಳಿತ ಪಕ್ಷ, ಹನ್ನೊಂದು ಹುಡುಗಿಯರೇ ವಿರೋಧ ಪಕ್ಷ.

"ಮಸೂದಿ ಅಂದ್ರ ಏನು?" ಎಂದು ಸರ್ ಬೋರ್ಡಿನ ಕಡೆಗೆ ತಿರುಗದೆಯೇ ಕೇಳಿದರು. "ಲಗ್ನದ ಮಾತುಕತಿ ಇದ್ದಂಗ. ಮೊದಲು ಮಂಡನೆ. ಅದು ಹೆಣ್ಣು ನೋಡಾಕ ಬಂದಂಗ. ಬರ್ತಾರ, ಉಪ್ಪಿಟ್ಟು ತಿಂತಾರ, ಹೋಗ್ತಾರ. ಆ ಹಂತದಾಗ ಬ್ಯಾಡ ಅನ್ನೋದು ಮರ್ಯಾದಿ ಅಲ್ಲ. ಎರಡನೇದು ಮನೆತನ ವಿಚಾರಿಸೋದು. ಖಂಡ ಖಂಡ ತಗದು ನೋಡ್ತಾರ. ಸಂಶಯ ಬಂತು ಅಂದ್ರ ಅದನ್ನ ಒಂದು ಸಮಿತಿಗೆ ಒಪ್ಪಸ್ತಾರ, ಹೋಗಿ ವಿಚಾರ ಮಾಡಿ ಬರ್ರಿ ಅಂತ. ಸಮಿತಿ ವರದಿ ಕೊಟ್ಟ ಮ್ಯಾಲೆ ಮೂರನೇದು, ತಾಳಿ. ಹೌದು ಅಂದ್ರ ಹೌದು, ಇಲ್ಲ ಅಂದ್ರ ಇಲ್ಲ."

"ಸರ್, ವಿಚಾರಿಸಾಕ ಹೋದೋರು ವಾಪಸ್ ಬರಲೇ ಇಲ್ಲಂದ್ರ?" ಎಂದು ಪ್ರವೀಣ ಕೇಳಿದ.

"ಭೇಷ್. ನೀನು ಮುಖ್ಯಮಂತ್ರಿ ಆಗಾಕ ಲಾಯಕ್ ಅದೀಯಪ್ಪಾ," ಅಂದರು ಸರ್. "ಸಾಯ್ಲಿ ಅನ್ನೋ ಮಸೂದಿನ ಸರ್ಕಾರ ಕೈಯಾರೆ ಕೊಲ್ಲಂಗಿಲ್ಲ. ಸಮಿತಿಗೆ ಕಳಸ್ತೈತಿ."

ತರಗತಿ ನಕ್ಕಿತು. ನೀಲಾ ನಗಲಿಲ್ಲ. ಅವಳ ತಲೆಯಲ್ಲಿ ಆಗಲೇ ಮಸೂದೆ ಶುರುವಾಗಿತ್ತು.

ಸರ್ ಹುಡುಗಿಯರಿಗೆಂದು ಗ್ರಾಮ ನೈರ್ಮಲ್ಯದ ಮೇಲೆ ಮಸೂದೆಯೊಂದನ್ನು ತಾವೇ ಬರೆದುಕೊಟ್ಟಿದ್ದರು. ನೀಲಾ ಅದನ್ನು ಮಡಚಿ ಬ್ಯಾಗಿನಲ್ಲಿಟ್ಟು ತನ್ನದನ್ನು ಬರೆದಳು. ಜೊತೆಗೆ ಕೂತವಳು ಮುಸ್ಕಾನ್. ಕೊಟ್ಟೂರಿನವಳೇ, ಗಾಡಿ ರಿಪೇರಿಯ ಕಮಾಲಸಾಬನ ಮಗಳು. ಅವಳ ಬಾಯಿಗೆ ಹೆದರಿ ಹುಡುಗರು ಸೈಕಲ್ಲನ್ನು ದೂರದಲ್ಲಿ ನಿಲ್ಲಿಸುತ್ತಿದ್ದರು.

ಅಧಿವೇಶನದ ದಿನ ಗೋದಾಮಿನ ದೊಡ್ಡ ಅಂಕಣದಲ್ಲಿ ಬೆಂಚುಗಳನ್ನು ಎದುರುಬದುರು ಹಾಕಿದ್ದರು. ಊರ ಹಿರಿಯರು ನಾಲ್ಕು ಜನ ಬಂದಿದ್ದರು, ಪ್ರವೀಣನ ಅಪ್ಪನೂ ಇದ್ದ. ಪ್ರಿನ್ಸಿಪಾಲರು ರಾಜ್ಯಪಾಲರ ಭಾಷಣ ಓದಿ, ಕೊನೆಗೆ ಬರೆದಿರದ ಒಂದು ಮಾತನ್ನು ಉತ್ಸಾಹದಲ್ಲಿ ಸೇರಿಸಿದರು: "ಈ ಸದನದ ತೀರ್ಮಾನಗಳನ್ನು ನಮ್ಮ ಕಾಲೇಜು ಗೌರವಿಸುತ್ತದೆ." ಆಮೇಲೆ ಕುರ್ಚಿಗೆ ಒರಗಿ ಅರೆಗಣ್ಣು ಮುಚ್ಚಿದರು.

ದಾದಾಪೀರ್ ಕಾಲೇಜಿನ ಗಂಟೆಯನ್ನು ಮೇಜಿನ ಮೇಲಿಟ್ಟುಕೊಂಡು ಬಾರಿಸಿ, ನೀಲಾ ಕೊಟ್ಟ ಚೀಟಿ ಓದಿದ. "ಉಜ್ಜಿನಿ ಕ್ಷೇತ್ರದ ಮಾನ್ಯ ಸದಸ್ಯೆ ನೀಲಗಂಗಮ್ಮನವರು ಗ್ರಂಥಾಲಯ ಪ್ರವೇಶ ಮಸೂದೆಯನ್ನು ಮಂಡಿಸಲು ಸದನದ ಅನುಮತಿ ಕೇಳಿದ್ದಾರೆ."

ಏಕಾಂತಪ್ಪ ಸರ್ ಬೆಚ್ಚಿ ತಮ್ಮ ಕೈಯ ಕಾಗದ ನೋಡಿಕೊಂಡರು. ಅಲ್ಲಿ ನೈರ್ಮಲ್ಯ ಅಂತಿತ್ತು. ಹುಡುಗರ ಬೆಂಚಿನಿಂದ "ಇಲ್ಲ, ಇಲ್ಲ" ಎಂದು ಕೂಗು ಎದ್ದಿತು. ಪ್ರವೀಣ ಹಿಂದಕ್ಕೆ ತಿರುಗಿ ಗದರಿದ: "ಲೇ, ಇದು ಉಪ್ಪಿಟ್ಟಿನ ಹಂತ. ಹಿರ್ಯಾರು ಕುಂತಾರ, ಮರ್ಯಾದಿ ಕಳೀಬ್ಯಾಡ್ರಿ. ಹೌದು ಅನ್ರಿ."

ಹೌದು ಅಂದರು. ಮಸೂದೆ ಮಂಡನೆಯಾಯಿತು.

ನೀಲಾ ಎದ್ದು ಓದಿದಳು. ಮೊದಲ ಖಂಡವನ್ನು ಅವಸರದಲ್ಲಿ ಓದಿದಳು, ಎರಡನೆಯದರಿಂದ ನಿಧಾನವಾಗಿ. ಹುಡುಗಿಯರು ಗ್ರಂಥಾಲಯಕ್ಕೆ ಬಾಗಿಲಿನಿಂದ ಬರತಕ್ಕದ್ದು. ಅವರಿಗೆ ಕೂರಲು ಮೇಜು ಇರತಕ್ಕದ್ದು. ಯಾವ ಪುಸ್ತಕವನ್ನೂ ಅದು ದಪ್ಪಗಿದೆಯೆಂಬ ಕಾರಣಕ್ಕೆ ನಿರಾಕರಿಸತಕ್ಕದ್ದಲ್ಲ.

"ಕಿಟಕಿ ಮಸೂದಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹೆಸರು ಅಂಟಿಕೊಂಡಿತು.

ಕೋಗಳಿಯ ಹುಡುಗನೊಬ್ಬ ಎದ್ದ. "ಮಾನ್ಯ ಸಭಾಧ್ಯಕ್ಷರೇ, ಹುಡುಗೀರು ಒಳಗ ಬಂದ್ರ ನಾವು ಎಲ್ಲಿ ಕುಂದ್ರಬೇಕು?"

"ಕಿಟಕ್ಯಾಗ!" ಅಂದಳು ಮುಸ್ಕಾನ್, ಕೂತಲ್ಲಿಂದಲೇ.

ದಾದಾಪೀರ್ ಗಂಟೆ ಬಾರಿಸಿದ. "ಮಾನ್ಯ ಸದಸ್ಯೆ ನಿಂತು ಮಾತಾಡಬೇಕು."

"ಕಿಟಕಿ ಮುಂದ ಮೂರು ವರ್ಷ ನಿಂತೇ ಅದೀವ್ರೀ ಸಭಾಧ್ಯಕ್ಷರ. ಇವತ್ತಾದ್ರೂ ಕುಂತು ಮಾತಾಡಾಕ ಬಿಡ್ರಿ."

ಹಿರಿಯರು ನಕ್ಕರು. ರಾಜ್ಯಪಾಲರು ಕಣ್ಣು ಬಿಟ್ಟು, ಯಾಕೆಂದು ಗೊತ್ತಿಲ್ಲದೆ, ತಾವೂ ನಕ್ಕರು. ಪ್ರವೀಣನಿಗೆ ಇಕ್ಕಟ್ಟಾಯಿತು. ಮತಕ್ಕೆ ಹಾಕಿ ಬೀಳಿಸುವುದು ಅವನಿಗೆ ಎಡಗೈ ಕೆಲಸ, ಆದರೆ ನಕ್ಕ ಹಿರಿಯರ ಮುಂದೆ ಹುಡುಗಿಯರ ಮಾತನ್ನು ಬೀಳಿಸಿದರೆ ಚೆನ್ನಾಗಿ ಕಾಣುವುದಿಲ್ಲ. ಆಗ ಅವನಿಗೆ ಸರ್ ಹೇಳಿದ್ದು ನೆನಪಾಯಿತು. ಎದ್ದು, ಅಂಗಿಯ ತೋಳು ಸರಿಮಾಡಿಕೊಂಡು, ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಬೇಕೆಂದು ಸೂಚಿಸಿದ. ಸಮಿತಿಗೆ ತಾನೇ ಅಧ್ಯಕ್ಷ, ತನ್ನ ಕಡೆಯವರು ಇನ್ನಿಬ್ಬರು, ಮಸೂದೆ ತಂದವಳು ನೀಲಾ, ಜೊತೆಗೆ ಮುಸ್ಕಾನ್. ಒಟ್ಟು ಐವರು, ಬಹುಮತ ತನ್ನದೇ.

ನೀಲಾ ಕೂತುಬಿಟ್ಟಳು. ಸಮಿತಿ ಅಂದರೆ ಸಾವು ಎಂದು ಅವಳೂ ಕೇಳಿಸಿಕೊಂಡಿದ್ದಳು.

ದಾದಾಪೀರ್‌ಗೆ ಒಂದು ಸಂಶಯ ಬಂತು. "ಸಮಿತಿ ಎಲ್ಲಿ ಕುಂದ್ರತೈತಿ?"

ಸರ್ ಕೊಟ್ಟ ಕಾಗದದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಪ್ರವೀಣನ ಬಳಿ ಇತ್ತು. ಅವನಪ್ಪ ಸುತ್ತಿನ ಹಳ್ಳಿಗಳಲ್ಲಿ ಪಂಚಾಯ್ತಿಗೆ ಹೆಸರಾದವನು. ಆ ಕಡೆ ಅಣ್ಣತಮ್ಮಂದಿರು ಹೊಲದ ಬದುವಿಗೆ ಜಗಳವಾಡಿದರೆ ಹಿರಿಯರು ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವುದಿಲ್ಲ. ನಾಲ್ವರನ್ನು ಆರಿಸಿ ಅದೇ ಬದುವಿನ ಮೇಲೆ ಕೂಡಿಸುತ್ತಾರೆ. ಎರಡೂ ಕಡೆಯವರು ಅಲ್ಲಿಗೇ ಬರಬೇಕು. ಒಮ್ಮೆ ಜಾಗ ಹೇಳಿದ ಮೇಲೆ ನ್ಯಾಯ ಮುಗಿಯುವವರೆಗೆ ಅದನ್ನು ಬದಲಿಸುವಂತಿಲ್ಲ. ಬದಲಿಸಿದವನ ಮಾತಿಗೆ ಮುಂದೆ ಬೆಲೆ ಇಲ್ಲ. ಪ್ರವೀಣ ಇದನ್ನು ಕೇಳುತ್ತಲೇ ಬೆಳೆದವನು. ಅಪ್ಪ ಎದುರಿಗೇ ಕೂತಿದ್ದ. ಎದೆ ಉಬ್ಬಿಸಿ ಹೇಳಿಬಿಟ್ಟ:

"ಬದುವಿನ ಜಗಳ ಬದುವಿನ ಮ್ಯಾಲೆ! ಲೈಬ್ರರಿ ಜಗಳ ಲೈಬ್ರರ್‍ಯಾಗ! ಸಮಿತಿ ಅಲ್ಲೇ ಕುಂದ್ರತೈತಿ!"

ಹಿರಿಯರು ಚಪ್ಪಾಳೆ ತಟ್ಟಿದರು. ಅವನಪ್ಪ ಮೀಸೆ ತಿರುವಿದ. ರಾಜ್ಯಪಾಲರು "ಒಪ್ಪಿಗೆ, ಒಪ್ಪಿಗೆ" ಅಂದರು. ಮುಸ್ಕಾನ್ ನೀಲಾಳ ತೊಡೆ ಚಿವುಟಿದಳು. ತಾನು ಏನು ಹೇಳಿದೆನೆಂದು ಪ್ರವೀಣನಿಗೆ ಹೊಳೆಯುವಷ್ಟರಲ್ಲಿ ದಾದಾಪೀರ್ ಗಂಟೆ ಬಾರಿಸಿ ಸದನವನ್ನು ಚಹಾಕ್ಕೆ ಬಿಟ್ಟಿದ್ದ.

ಮರುದಿನ ಮಧ್ಯಾಹ್ನ ಎರಡಕ್ಕೆ ಸಮಿತಿ ಗ್ರಂಥಾಲಯದ ಬಾಗಿಲಿಗೆ ಬಂತು. ಬೆನಕಪ್ಪ ಹೊಸ್ತಿಲಿನಲ್ಲಿ ಸ್ಟೂಲು ಹಾಕಿಕೊಂಡು ಶೇಂಗಾ ಸುಲಿಯುತ್ತಿದ್ದ.

"ನೀವು ಬರ್ರೆಪ್ಪಾ," ಅಂದ ಹುಡುಗರಿಗೆ. ಹುಡುಗಿಯರ ಕಡೆಗೆ ತಿರುಗಿ, "ನೀವು ಕಿಟಕಿಗೆ ಹೋಗ್ರವ್ವಾ" ಅಂದ.

ನೀಲಾ ಪ್ರವೀಣನ ಮುಖ ನೋಡಿದಳು. ಮುಸ್ಕಾನ್ ಕೇಳಿದಳು: "ಅಧ್ಯಕ್ಷರ, ಬದು ಬದಲಾತೇನು? ನಿಮ್ಮಪ್ಪಗ ತಿಳಿಸಿ ಬರಲೇನು?"

ಪ್ರವೀಣನ ಕಿವಿ ಕೆಂಪಾದವು. "ಕಾಕಾ, ಬಿಡ್ರಿ ಒಳಗ. ಸಮಿತಿ ಐತಿ. ಪ್ರಿನ್ಸಿಪಾಲ್ ಸಾಹೇಬರು ಒಪ್ಪ್ಯಾರ."

"ಕುಂದ್ರಸೋದು ಎಲ್ಲಿ? ನಿಮ್ಮ ಮೇಜಿನ್ಯಾಗ ಕುಂದ್ರಸಂಗಿಲ್ಲ ನಾನು."

ಸ್ಟಾಫ್ ರೂಮಿನಲ್ಲಿ ಒಂದು ಕಾಲು ಕುಂಟಿದ ಮೇಜಿತ್ತು. ತರಬಹುದು, ಆದರೆ ಇಡಲು ಜಾಗ ಇರಲಿಲ್ಲ. ಗೋಡೆಯ ಪಕ್ಕದ ದೊಡ್ಡ ಕಪಾಟನ್ನು ಸರಿಸಿದರೆ ಜಾಗವಾಗುತ್ತಿತ್ತು. ವಿಶ್ವಕೋಶ, ಗೆಜೆಟಿಯರ್, ಹಳೆಯ ವಾರಪತ್ರಿಕೆಗಳ ಕಟ್ಟು ಎಲ್ಲ ತುಂಬಿದ, ತೇಗದ ಕಪಾಟು. ಸರಿಸಿದರೆ ಅದು ಹೋಗಿ ನಿಲ್ಲಬಹುದಾದ ಜಾಗ ಒಂದೇ: ಕಿಟಕಿಯ ಮುಂದೆ.

ಆ ಕೆಲಸವನ್ನು ಆಡಳಿತ ಪಕ್ಷವೇ ಮಾಡಿತು. ಮುಖ್ಯಮಂತ್ರಿ ಮತ್ತು ಅವನ ಆರು ಶಾಸಕರು ಪುಸ್ತಕ ಇಳಿಸಿ, ಕಪಾಟು ಎಳೆದು, ಮತ್ತೆ ಪುಸ್ತಕ ಏರಿಸುವಷ್ಟರಲ್ಲಿ ಬೆವರಿನಲ್ಲಿ ತೊಯ್ದುಹೋದರು. ಪ್ರವೀಣನ ಅಂಗಿ ಬೆನ್ನಿನ ಮೇಲೆ ಹರಿಯಿತು. ಕಪಾಟಿನ ಕೆಳಗೆ ಹಳೆಯ ಕಾಲದ ಒಂದು ಸೇರಿನಷ್ಟು ಶೇಂಗಾ ಸಿಕ್ಕಿತು. ಬೆನಕಪ್ಪ ಅದನ್ನು ಮೂಸಿ ನೋಡಿ, ತಿನ್ನಬಾರದೆಂದು ತೀರ್ಮಾನಿಸಿದ. ಕೆಲಸದುದ್ದಕ್ಕೂ ಅವನು ಕೊಟ್ಟ ನೆರವು ಎಂದರೆ "ಇನ್ನ ಸ್ವಲ್ಪ ಎಡಕ್ಕ" ಎಂಬುದು ಮಾತ್ರ.

ನೀಲಾ ಮೂರನೆಯ ಕಪಾಟಿಗೆ ನೇರ ನಡೆದು ಕೆಂಪು ಬೆನ್ನಿನ ಪುಸ್ತಕ ಎಳೆದುಕೊಂಡಳು. ಕೈಯಲ್ಲಿ ಹಿಡಿದಾಗ ಎಣಿಸಿದ್ದಕ್ಕಿಂತ ಭಾರವಾಗಿತ್ತು. ಕುಂಟು ಮೇಜಿನ ಕಾಲಿಗೆ ಮುಸ್ಕಾನ್ ಹೆಂಚಿನ ಚೂರು ಇಟ್ಟಳು. ಸಮಿತಿಯ ಮೊದಲ ಸಭೆ ಶುರುವಾಯಿತು.

ಮೊದಲ ಸಭೆಯಲ್ಲಿ ಪ್ರವೀಣ ವರದಿಯನ್ನು ಅಂದೇ ಬರೆದು ಮುಗಿಸಲು ನೋಡಿದ. "ಬೀಳಸ್ರಿ ಅಂತ ಬರದುಬಿಡೋಣ. ಮೂರಕ್ಕ ಎರಡು."

"ಬರಿಯೋಣಂತ," ಅಂದಳು ಮುಸ್ಕಾನ್. "ಆದ್ರ ಖಂಡ ಖಂಡ ನೋಡ್ಬೇಕಂತಲ್ಲ? ಸಾಕ್ಷಿ ಕೇಳ್ಬೇಕಂತಲ್ಲ? ಸರ್‌ನ ಕೇಳೋಣ್ವಾ?"

ಸರ್‌ನ ಕೇಳಿದರು. ಸರ್‌ಗೆ ಖುಷಿಯಾಗಿ ನಿಯಮದ ಪುಸ್ತಕವನ್ನೇ ತಂದು ಓದಿ ಹೇಳಿದರು. ಖಂಡ ಖಂಡ ನೋಡಲೇಬೇಕು. ಸಾಕ್ಷಿ ಕೇಳಬಹುದು. ಹೊತ್ತು ಸಾಲದಿದ್ದರೆ ಸದನದ ಮುಂದೆ ಬಂದು ಅವಧಿ ವಿಸ್ತರಣೆ ಕೇಳಬಹುದು. ಸದಸ್ಯರಲ್ಲಿ ಮೂರನೆಯ ಒಂದು ಪಾಲು ಇದ್ದರೆ ಸಭೆ ನಡೆಸಬಹುದು, ಐವರಿಗೆ ಇಬ್ಬರು ಸಾಕು.

ಇಬ್ಬರು ಸಾಕು ಎಂಬ ಮಾತನ್ನು ಹುಡುಗರು ಗಮನಿಸಲಿಲ್ಲ. ಹುಡುಗಿಯರು ಗಮನಿಸಿದರು.

"ನಮ್ಮಪ್ಪನ ಗ್ಯಾರೇಜಿನ್ಯಾಗ ಒಂದು ಪದ್ಧತಿ ಐತಿ," ಎಂದು ಮುಸ್ಕಾನ್ ಅಂದು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆಯುತ್ತ ಹೇಳಿದಳು. "ಗಿರಾಕಿ ಗಾಡಿ ತಂದು ಅವಸರ ಮಾಡಿದ್ನೋ, ನಮ್ಮಪ್ಪ ಮೊದಲು ಇಂಜಿನ್ ಬಿಚ್ಚಿ ನೆಲದ ಮ್ಯಾಲೆ ಹರವಿಬಿಡ್ತಾನ. ಆಮ್ಯಾಲೆ ಆ ಗಿರಾಕಿ ಎಲ್ಲಿ ಹೋಗ್ತಾನ? ನಟ್ಟು ಬೋಲ್ಟು ಚೀಲದಾಗ ಹಾಕ್ಕೊಂಡು ಇನ್ನೊಂದು ಗ್ಯಾರೇಜಿಗೆ ಹೋಗಂಗಿಲ್ಲ. ಬಿಚ್ಚಿದ ಗಾಡಿ ಎಲ್ಲೂ ಹೋಗಂಗಿಲ್ಲ ನೀಲಾ. ನಾವೂ ಬಿಚ್ಚೋಣು."

"ಜೋಡಿಸೋದು ಯಾವಾಗ?"

"ನಿನ್ನ ಪರೀಕ್ಷಾ ಮುಗದ ಮ್ಯಾಲೆ."

ಮಸೂದೆಯನ್ನು ಬಿಚ್ಚಿದರು. ಮೊದಲ ಖಂಡದಲ್ಲಿ 'ಗ್ರಂಥಾಲಯ' ಎಂಬ ಮಾತಿತ್ತು. ಗ್ರಂಥಾಲಯ ಅಂದರೆ ಗೋಡೆಯೋ, ಪುಸ್ತಕವೋ, ಬೆನಕಪ್ಪನೋ ಎಂದು ಮೂರು ಸಭೆ ಚರ್ಚೆಯಾಯಿತು. ಪ್ರವೀಣನ ಕಡೆಯ ಇಬ್ಬರು ಮೂರನೆಯ ಸಭೆಗೆ ಕ್ರಿಕೆಟ್ ಬ್ಯಾಟು ಹಿಡಿದೇ ಬಂದರು, ನಾಲ್ಕನೆಯದಕ್ಕೆ ಬರಲಿಲ್ಲ. ಪ್ರವೀಣ ಇನ್ನೊಂದು ವಾರ ಹಲ್ಲು ಕಚ್ಚಿ ಕೂತ. ಸಂಕ್ರಾಂತಿಗೆ ಶೇಂಗಾ ಮಾರುಕಟ್ಟೆ ಬಿರುಸಾಗಿ ಅಪ್ಪ ಅಂಗಡಿಗೆ ಕರೆದ ಮೇಲೆ ಅವನೂ ಬಿಟ್ಟ. ಉಳಿದವರು ಇಬ್ಬರು. ಸಭೆಗೆ ಇಬ್ಬರು ಸಾಕಾಗಿತ್ತು.

ಆಮೇಲೆ ಸಾಕ್ಷಿಗಳು ಬರತೊಡಗಿದರು. ಸಾಕ್ಷಿ ಹೇಳಲು ದಿನಾ ನಾಲ್ಕೈದು ಹುಡುಗಿಯರನ್ನು ಕರೆಸುತ್ತಿದ್ದರು. ಸಾಕ್ಷಿಗೆ ಸರದಿ ಬರುವವರೆಗೆ ಕಾಯಬೇಕು, ಕಾಯುವವರು ಸುಮ್ಮನೆ ಕೂರಬಾರದೆಂದು ಕೈಗೊಂದು ಪುಸ್ತಕ. ಸರದಿ ಬರುವಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತಿತ್ತು. "ನಾಳಿ ಬಂದು ಹೇಳವ್ವಾ" ಎಂದು ಸಮಿತಿ ಅಪ್ಪಣೆ ಕೊಡುತ್ತಿತ್ತು. ಕುಂಟು ಮೇಜು ಸಾಲದೆ ಸಾಕ್ಷಿಗಳು ಹುಡುಗರ ಬೆಂಚಿನ ತುದಿಗೂ ಹರಡಿದರು. ಹುಡುಗರು ಮೊದಲು ಗೊಣಗಿದರು. ಆಮೇಲೆ ತಲೆ ಬಾಚಿಕೊಂಡು ಬರತೊಡಗಿದರು.

ಒಂದು ದಿನ ಬೆನಕಪ್ಪನನ್ನೇ ಸಾಕ್ಷಿಗೆ ಕರೆದರು.

"ಕಾಕಾ, ಹುಡುಗೀರು ಒಳಗ ಬಂದ ಮ್ಯಾಲೆ ಏನಾರ ತೊಂದರಿ ಆಗೇತೇನ್ರಿ?" ಎಂದು ನೀಲಾ ಕೇಳಿದಳು.

"ಆಗೇತಿ."

ಮುಸ್ಕಾನ್ ಪೆನ್ನು ನಿಲ್ಲಿಸಿದಳು. "ಏನ್ರಿ?"

"ಮೊದಲು ಮಧ್ಯಾಹ್ನ ಒಂದು ಜೊಂಪು ನಿದ್ದಿ ಮಾಡ್ತಿದ್ದೆ. ಈಗ ಒಬ್ಬರಲ್ಲ ಒಬ್ಬರು ಪುಸ್ತಕ ಕೇಳ್ತೀರಿ. ಬರಕೋರಿ ಇದನ್ನ."

ಬರೆದುಕೊಂಡರು.

ಸದನವೂ ಮುಗಿದಿರಲಿಲ್ಲ. ಪಾಠ ಮಾಡದೆಯೇ ಪಾಠವಾಗುವ ಈ ಉಪಾಯ ಏಕಾಂತಪ್ಪ ಸರ್‌ಗೆ ಹಿಡಿಸಿ, ಪ್ರತಿ ಶನಿವಾರದ ಕೊನೆಯ ಪಿರಿಯಡ್ಡನ್ನು ಅಧಿವೇಶನ ಮಾಡಿಬಿಟ್ಟಿದ್ದರು. ಶನಿವಾರ ಶನಿವಾರ ನೀಲಾ ಎದ್ದು ಅವಧಿ ವಿಸ್ತರಣೆ ಕೇಳುತ್ತಿದ್ದಳು. ದಾದಾಪೀರ್ ಮತಕ್ಕೆ ಹಾಕುತ್ತಿದ್ದ. ಬಸ್ಸು, ಊಟ, ಸಿನಿಮಾ ಎಂದು ಅವಸರದಲ್ಲಿದ್ದ ಹುಡುಗರು "ಹೌದು" ಎಂದು ಓಡುತ್ತಿದ್ದರು.

ಫೆಬ್ರುವರಿ ಮುಗಿಯುವ ಹೊತ್ತಿಗೆ ಪ್ರವೀಣನಿಗೂ ಪರೀಕ್ಷೆಯ ಭಯ ಹತ್ತಿತು. ಒಂದು ಮಧ್ಯಾಹ್ನ ಅರ್ಥಶಾಸ್ತ್ರದ ದಪ್ಪ ಪುಸ್ತಕ ಹುಡುಕಿಕೊಂಡು ಗ್ರಂಥಾಲಯಕ್ಕೆ ಬಂದ. ಬೆಂಚಿನ ಅರ್ಧ ಸಾಕ್ಷಿಗಳಿಂದ ತುಂಬಿತ್ತು. ಪುಸ್ತಕ ನೀಲಾಳ ಮುಂದೆ, ಅರ್ಧಕ್ಕೆ ತೆರೆದಿತ್ತು.

"ಸಮಿತಿ ಇನ್ನೂ ನಡದೈತೇನು?"

"ಬಂದ್ರಾ ಅಧ್ಯಕ್ಷರು," ಅಂದಳು ಮುಸ್ಕಾನ್. "ಕೋರಂ ಹೆಚ್ಚಾತು."

"ಎಷ್ಟನೇ ಖಂಡಕ್ಕ ಬಂದೀರಿ?"

"ಎರಡನೇದಕ್ಕ," ಅಂದಳು ನೀಲಾ ತಲೆ ಎತ್ತದೆ. "ಮೇಜು ಎಷ್ಟು ಅಗಲ ಇರ್ಬೇಕು ಅಂತ ಚರ್ಚಿ ನಡದೈತಿ."

ಪ್ರವೀಣ ಮೇಜು ನೋಡಿದ, ಬೆಂಚು ನೋಡಿದ, ತಾನೇ ಬೆನ್ನು ಕೊಟ್ಟು ಸರಿಸಿದ ಕಪಾಟು ನೋಡಿದ. ಕೊಲ್ಲಲೆಂದು ಕಳಿಸಿದ ಮಸೂದೆ ಸತ್ತಿರಲಿಲ್ಲ, ಪಾಸೂ ಆಗಿರಲಿಲ್ಲ. ಬಿಚ್ಚಿಟ್ಟ ಗಾಡಿಯ ಹಾಗೆ ಜಾಗ ಹಿಡಿದು ಕೂತಿತ್ತು. ಅಂಗಡಿಯವನ ಮಗನಿಗೆ ಮೋಸ ಹೋದದ್ದು ತಿಳಿಯಲು ಇಷ್ಟು ಹೊತ್ತು ಹಿಡಿದದ್ದೇ ಅವಮಾನ.

ಮುಂದಿನ ಶನಿವಾರ ಅವನು ಎದ್ದು ವರದಿ ಕೇಳಲಿಲ್ಲ. ಕೇಳಿದರೆ ಮತ್ತೆ ವಿಸ್ತರಣೆ ಎನ್ನುತ್ತಾರೆಂದು ಗೊತ್ತಿತ್ತು. ಬೇರೆಯದನ್ನೇ ಹೇಳಿದ: "ಸದನವನ್ನು ವಿಸರ್ಜಿಸಬೇಕೆಂದು ಸರ್ಕಾರ ರಾಜ್ಯಪಾಲರಿಗೆ ಸಲಹೆ ಮಾಡೈತಿ. ರಾಜ್ಯಪಾಲರು ಒಪ್ಪ್ಯಾರ."

ಪ್ರಿನ್ಸಿಪಾಲರು ಬೆಳಿಗ್ಗೆಯೇ ಒಪ್ಪಿದ್ದರು. ಪರೀಕ್ಷೆ ಹತ್ತಿರ ಬಂತು, ಆಟ ಸಾಕು ಅಂದಿದ್ದರು.

ಏಕಾಂತಪ್ಪ ಸರ್ ಚಪ್ಪೆ ಮುಖ ಮಾಡಿದರು. ಆದರೆ ನಿಯಮ ನಿಯಮವೇ. "ಸದನ ಹೋತು ಅಂದ್ರ ಅದರ ಮುಂದಿದ್ದ ಮಸೂದಿನೂ ಸತ್ತಂಗ. ಸಮಿತಿನೂ ಅಷ್ಟ."

ದಾದಾಪೀರ್ ಕೊನೆಯ ಗಂಟೆ ಬಾರಿಸಿದ. ಹುಡುಗರು ಸಿಳ್ಳೆ ಹೊಡೆದರು. ನೀಲಾ ಮನಸ್ಸಿನಲ್ಲೇ ಪುಟಗಳ ಲೆಕ್ಕ ಹಾಕಿದಳು. ಪುಸ್ತಕ ಇನ್ನೂ ಅರ್ಧ ಉಳಿದಿತ್ತು. ಆಮದು ರಫ್ತಿನ ಭಾಗ ಪೂರ್ತಿ ಬಾಕಿ. ಮನೆಯಲ್ಲಿ ಹಡಗಲಿಯವರು ಯುಗಾದಿಗೆ ಬರುತ್ತಾರೆಂಬ ಸುದ್ದಿಯೂ ಇತ್ತು.

"ಸಾಹೇಬರ ಕಡಿ ಹೋಗಿ ಕೈ ಮುಗಿಯೋಣ," ಅಂದಳು ಮುಸ್ಕಾನ್. ಅವಳ ಬಾಯಿಂದ ಅಂಥ ಮಾತು ಬಂದದ್ದು ಮೊದಲ ಸಲ.

"ಕೈ ಮುಗದ್ರ, ನೋಡೋಣು ಅಂತಾರ. ಇನ್ನೊಂದು ಸಮಿತಿ ಆದಂಗ ಆತು," ಅಂದಳು ನೀಲಾ. ಬಸ್ಸು ಬಂತು, ಹತ್ತಿದಳು. ಉಜ್ಜಿನಿ ಬರುವವರೆಗೆ ಕಿಟಕಿಯ ಪಕ್ಕ ಕೂತು ಯೋಚಿಸಿದಳು. ಇಳಿಯುವಾಗ ನಗುತ್ತಿದ್ದಳು.

ಸೋಮವಾರ ಎರಡಕ್ಕೆ ಪಾಠ ಮುಗಿದೊಡನೆ ಅವಳು ಉಳಿದ ಹತ್ತೂ ಹುಡುಗಿಯರನ್ನು ನಿಲ್ಲಿಸಿದಳು. "ಸಮಿತಿ ಸತ್ತೈತಿ. ಹಳೇ ನಿಯಮ ಬಂದೈತಿ. ನಿಯಮ ಅಂದ್ಮ್ಯಾಲೆ ನಡಸ್ಬೇಕು. ನಡೀರಿ ಕಿಟಕಿಗೆ."

ಗೋದಾಮು ಸುತ್ತಿ ಹೋದರು. ಮೂರು ತಿಂಗಳು ಯಾರೂ ತುಳಿಯದೆ ಜಾಲಿ ಇನ್ನಷ್ಟು ಬೆಳೆದಿತ್ತು. ಮುಸ್ಕಾನಳ ದುಪಟ್ಟಾ ಎರಡು ಕಡೆ ಸಿಕ್ಕಿತು. ಕಿಟಕಿಯ ಬಾಗಿಲು ಮುಚ್ಚಿತ್ತು. ಕಂಬಿಯ ಸಂದಿಯಲ್ಲಿ ಕೈ ತೂರಿಸಿ ನೀಲಾ ಬೆರಳ ಗೆಣ್ಣಿನಿಂದ ಹಲಗೆ ತಟ್ಟಿದಳು.

ಒಳಗೆ, ವಿಶ್ವಕೋಶದ ಹಿಂದಿನಿಂದ ಸದ್ದು ಬಂದದ್ದಕ್ಕೆ ಬೆನಕಪ್ಪ ಜೊಂಪಿನಿಂದ ಎದ್ದು ಕೂತ. "ಯಾರದು?"

"ನಾನ್ರೀ ಕಾಕಾ, ನೀಲಾ. ಪುಸ್ತಕ ಬೇಕಾಗಿತ್ರಿ."

"ಕಪಾಟು ಅಡ್ಡ ಐತೆವ್ವಾ."

"ಸರಸ್ರಿ ಕಾಕಾ. ನಾವು ನಿಂತಿರ್ತೀವಿ."

ಹಿಂದಿನವರಿಗೆ ತಾಳ್ಮೆ ಇರಲಿಲ್ಲ, ಅವರೂ ತಟ್ಟಿದರು. ಒಬ್ಬಳಿಗೆ ಇತಿಹಾಸ, ಇನ್ನೊಬ್ಬಳಿಗೆ ಶಬ್ದಕೋಶ, ಮತ್ತೊಬ್ಬಳಿಗೆ ಹಳೆಯ ಪ್ರಶ್ನೆಪತ್ರಿಕೆ ಬೇಕಾಗಿತ್ತು. ಹನ್ನೊಂದು ಹುಡುಗಿಯರ ಕೈಗೆ ಹಳೆಯ ಹಲಗೆ ಡೊಳ್ಳಿನಂತೆ ಸದ್ದು ಮಾಡಿತು. ಕಪಾಟಿನ ಮೇಲಿನ ಗೆಜೆಟಿಯರುಗಳಿಂದ ಧೂಳು ಉದುರಿತು.

ಬೆನಕಪ್ಪ ಕಪಾಟಿಗೆ ಹೆಗಲು ಕೊಟ್ಟು ನೂಕಿದ. ಕಪಾಟು ಅಲುಗಲಿಲ್ಲ, ಅವನ ನಡು ಚುಳ್ ಎಂದಿತು. ಬೆಂಚಿನ ಮೇಲೆ ಪ್ರವೀಣ ಮತ್ತು ಅವನ ಕಡೆಯವರು ಪುಸ್ತಕಕ್ಕೆ ಮುಖ ಕೊಟ್ಟು ಕೂತಿದ್ದರು.

"ಏ ಮುಖ್ಯಮಂತ್ರಿ, ಬಾರಪ್ಪಾ ಇಲ್ಲಿ. ನಿನ್ನ ಮಂದಿ ಕರಕೊಂಡು ಬಾ. ಇದನ್ನ ಮೊದ್ಲಿದ್ದಲ್ಲಿ ಇಡು."

ಪ್ರವೀಣನಿಗೆ ಹರಿದ ಅಂಗಿ ನೆನಪಾಯಿತು. "ಈಗ ನಾನು ಮಾಜಿ ಅದೀನಿ ಕಾಕಾ," ಅಂದ.

ಅವನ ಶಾಸಕರೂ ಮಾಜಿಗಳೇ ಆಗಿದ್ದರು. ಯಾರೂ ಏಳಲಿಲ್ಲ.

ಕಿಟಕಿ ಬಡಿಯುತ್ತಲೇ ಇತ್ತು. ಆಚೆ ಕೋಣೆಯಿಂದ ಪ್ರಿನ್ಸಿಪಾಲರ ಧ್ವನಿ ಬಂತು: "ಬೆನಕಪ್ಪಾ! ಏನದು ಗದ್ದಲ?"

"ಏನಿಲ್ರೀ ಸಾಹೇಬ್ರ!" ಎಂದು ಕೂಗಿ, ನಡು ಹಿಡಿದುಕೊಂಡು ಬೆನಕಪ್ಪ ಹೊರಗೆ ಬಂದ. ಗೋದಾಮಿನ ಮೂಲೆಯಲ್ಲಿ ನಿಂತು, ಜಾಲಿ ದಾಟುವ ಮನಸ್ಸಿಲ್ಲದೆ, ಅಲ್ಲಿಂದಲೇ ಕೈಬೀಸಿದ. "ಏ ತಂಗೀ, ಬಡೀಬ್ಯಾಡ್ರವ್ವಾ! ಆ ಕಪಾಟು ಸರಸಾಕ ನನ್ನ ಕೈಲಿ ಆಗಂಗಿಲ್ಲ. ಬರ್ರಿ, ಬಾಗಿಲಾಗಿಂದ ಒಳಗ ಬಂದು ಕುಂದ್ರಿ."

"ನಿಯಮ ಕಾಕಾ?" ಎಂದು ಮುಸ್ಕಾನ್ ಕೇಳಿದಳು.

"ನಿಯಮ ಸರಸಾಕ ಏಳು ಆಳು ಬೇಕು. ಎಲ್ಲಿಂದ ತರ್ಲಿ? ಬರ್ರಿ ಸುಮ್ನ."

ಬಂದರು. ನೀಲಾ ಕೆಂಪು ಬೆನ್ನಿನ ಪುಸ್ತಕ ಎಳೆದುಕೊಂಡಳು, ಬೆನಕಪ್ಪ ಮತ್ತೆ ಸ್ಟೂಲಿನ ಮೇಲೆ ಕೂತ. ಅಂದಿನಿಂದ ಯಾರನ್ನೂ ಕಿಟಕಿಗೆ ಹೋಗೆನ್ನಲಿಲ್ಲ, ಯಾರೂ ಅವನನ್ನು ಕೇಳಲೂ ಇಲ್ಲ. ಆ ಕಪಾಟು ಸರಿಸುವ ಉಮೇದು ಮುಂದೆ ಬಂದ ಯಾವ ಹುಡುಗನಿಗೂ ಹುಟ್ಟಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಪ್ರವೀಣ ಬೆಂಚಿನ ತುದಿಗೆ ಸರಿದು ಬಂದ. ಗಂಟಲು ಸರಿಮಾಡಿಕೊಂಡು, "ನೀಲಾ, ನೀ ಓದಿದ ಮ್ಯಾಲೆ ಆ ಪುಸ್ತಕ ನನಗ ಕೊಡ್ತೀಯೇನು?" ಅಂದ.

"ಸಮಿತಿಗೆ ಕಳಸ್ತೀನಿ," ಅಂದಳು ನೀಲಾ, ಪುಟ ತಿರುವಿದಳು. ಆಮದು ರಫ್ತು ಮುಗಿಸಿ ಎರಡು ವಾರದ ಮೇಲೆ ಕೊಟ್ಟಳು.

ಜೂನಿನಲ್ಲಿ ಫಲಿತಾಂಶ ಬಂತು. ನೀಲಗಂಗಮ್ಮನಿಗೆ ಫಸ್ಟ್ ಕ್ಲಾಸ್, ಮುಸ್ಕಾನ್‌ಗೆ ಸೆಕೆಂಡ್, ಪ್ರವೀಣ ಪಾಸು. ಅಪ್ಪ ಗಿರಣಿ ನಿಲ್ಲಿಸಿ, ಹಿಟ್ಟಿನ ಕೈ ಒರೆಸಿಕೊಂಡು, ಹಡಗಲಿಯವರಿಗೆ ಬೇರೆ ಕಡೆ ನೋಡಿರೆಂದು ಹೇಳಿ ಕಳಿಸಿದ.

ಒಟ್ಟು ಕಳೆದುಹೋದದ್ದು ಇಷ್ಟು: ಒಂದು ಸದನ, ಒಂದು ಸಮಿತಿ, ಒಂದು ಮಸೂದೆ, ಒಂದು ಅಂಗಿ, ಬೆನಕಪ್ಪನ ಮಧ್ಯಾಹ್ನದ ನಿದ್ದೆ, ಮಲ್ಲಿಗೆ ತೋಟದ ಒಂದು ಗಂಡು, ಒಂದು ಕಿಟಕಿ.